ಮೈಸೂರಿನ ಹೆಸರು ಹೊತ್ತ ಜೇಡ

ಟರಂಟುಲಾ ಸಾಕುವವರು ‘ಮೈಸೂರು ಆರ್ನಮೆಂಟಲ್’ ಎಂದು ಕರೆಯುವ ಜೇಡ ದಕ್ಷಿಣ ಭಾರತದ ಕಾಡಿನದು. ಶಾಸ್ತ್ರೀಯ ಹೆಸರು ಪೊಯಿಸಿಲೋಥೀರಿಯಾ ಸ್ಟ್ರಯೇಟಾ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ರೆಜಿನಾಲ್ಡ್ ಪೊಕಾಕ್ ಇದನ್ನು 1895ರಲ್ಲಿ ವರ್ಣಿಸಿದರು. ಬ್ರಿಟಿಷ್ ಇಂಡಿಯಾದ ಜೇಡ, ಚೇಳುಗಳ ಕುರಿತ ಅವರ ಸಂಪುಟ 1900ರಲ್ಲಿ ಹೊರಬಂತು.

ಮೈಸೂರಿನ ಅಗ್ರಹಾರದಂಥ ಹಳೆಯ ಬಡಾವಣೆಯ ಮನೆಗೋಡೆಗಳಲ್ಲಿ ರಾತ್ರಿ ಹೊತ್ತು ಕಾಣುವ ಚಪ್ಪಟೆ ದೊಡ್ಡ ಜೇಡ ಇದಲ್ಲ. ಅದರ ಕುಟುಂಬವೇ ಬೇರೆ. ಸ್ಟ್ರಯೇಟಾ ವಾಸಿಸುವುದು ಹಳೆಯ ಮರಗಳ ಪೊಟರೆಗಳಲ್ಲಿ, ಸಡಿಲಗೊಂಡ ತೊಗಟೆಯಡಿಯಲ್ಲಿ. ಬೂದು ಮೈಮೇಲಿನ ಎಲೆಯಾಕಾರದ ಚಿತ್ತಾರ ಅದನ್ನು ತೊಗಟೆಯಲ್ಲಿ ಅಡಗಿಸುತ್ತದೆ. ಬೆದರಿದಾಗ ಮುಂಗಾಲುಗಳನ್ನು ಎತ್ತಿದರೆ ಒಳಭಾಗದ ಹಳದಿ, ಕಪ್ಪು ಪಟ್ಟೆಗಳು ತಟ್ಟನೆ ಕಾಣುತ್ತವೆ.

ಈ ಬಣ್ಣವೇ ಅದನ್ನು ಯುರೋಪ್, ಅಮೆರಿಕದ ಸಾಕಣೆದಾರರ ಪೆಟ್ಟಿಗೆಗಳಿಗೆ ಒಯ್ದಿತು. ಒಂದು ಮೊಟ್ಟೆಚೀಲದಿಂದ ಹತ್ತಾರು ಮರಿಗಳು ಬರುವುದರಿಂದ ಬಂಧನದಲ್ಲೇ ಸಂತಾನ ಬೆಳೆಸುವುದು ಸಾಧ್ಯವಾಯಿತು. ಸಾಕುವ ಕ್ರಮವೂ ಕಾಡಿನ ಬದುಕನ್ನೇ ಅನುಸರಿಸುತ್ತದೆ. ಅಗಲಕ್ಕಿಂತ ಎತ್ತರ ಹೆಚ್ಚಿರುವ ಪೆಟ್ಟಿಗೆ, ನೆಟ್ಟಗೆ ನಿಲ್ಲಿಸಿದ ತೊಗಟೆಯ ಕೊಳವೆ, ಗಾಳಿಯಾಡಲು ಕಿಂಡಿ, ಸಣ್ಣ ನೀರಿನ ಬಟ್ಟಲು, ಮಿಡತೆ ಅಥವಾ ಜಿರಲೆ ಇದ್ದರೆ ಸಾಕು. ಪೊರೆ ಬಿಡುವ ಕಾಲದಲ್ಲಿ ಆಹಾರ ಕೊಡಬಾರದು. ಹೊಸ ಕೋರೆಗಳು ಗಟ್ಟಿಯಾಗುವ ತನಕ ಜೇಡಕ್ಕೆ ಬೇಟೆಯಾಡಲಾಗದು. ಬದುಕಿರುವ ಮಿಡತೆಯೇ ಅದಕ್ಕೆ ಗಾಯ ಮಾಡಬಹುದು. ಹೆಣ್ಣು ಹತ್ತು ವರ್ಷ ದಾಟಿ ಬಾಳುತ್ತದೆ. ಪ್ರೌಢವಾದ ಗಂಡಿನ ಆಯಸ್ಸು ತೀರಾ ಕಡಿಮೆ.

ಇದನ್ನು ಕೈಯಲ್ಲಿ ಹಿಡಿಯುವ ರೂಢಿಯಿಲ್ಲ. ಅಮೆರಿಕದ ಹಲವು ಟರಂಟುಲಾಗಳಿಗಿರುವ ತುರಿಕೆ ರೋಮ ಇದಕ್ಕಿಲ್ಲ. ರಕ್ಷಣೆಗೆ ಇರುವುದು ಮಿಂಚಿನ ಓಟ ಮತ್ತು ವಿಷ. ಕಡಿತದಿಂದ ತೀವ್ರ ನೋವು, ದಿನಗಟ್ಟಲೆ ಸ್ನಾಯು ಸೆಳೆತ ಉಂಟಾಗಬಹುದು.

ಕಾಡಿನಿಂದ ಹಿಡಿದು ಸಾಗಿಸುವುದು, ಅದಕ್ಕಿಂತ ಹೆಚ್ಚಾಗಿ ಹಳೆಯ ಮರಗಳ ನಾಶ, ಪೊಯಿಸಿಲೋಥೀರಿಯಾ ಕುಲಕ್ಕೆ ಕುತ್ತು ತಂದವು. ಆಂಧ್ರದ ಗುತ್ತಿಯಲ್ಲಿ ಮೊದಲು ಸಿಕ್ಕ ಅದರ ನೀಲಿ ಬಂಧು ಮೆಟಾಲಿಕಾ ಈಗ ಅಳಿವಿನ ತೀವ್ರ ಅಂಚಿನಲ್ಲಿದೆ. 2019ರಲ್ಲಿ ಇಡೀ ಕುಲವನ್ನು ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು. ಅಂದಿನಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. 2022ರ ತಿದ್ದುಪಡಿಯ ಮೂಲಕ ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಸೈಟಿಸ್ ಪಟ್ಟಿಯ ಜೀವಿಗಳನ್ನು ತನ್ನ ವ್ಯಾಪ್ತಿಗೆ ತಂದಿತು. ಪೆಟ್ಟಿಗೆಯಲ್ಲಿ ಎಷ್ಟೇ ಮರಿಗಳು ಹುಟ್ಟಿದರೂ ಪೊಟರೆಯುಳ್ಳ ಹಳೆಯ ಮರಗಳು ಉಳಿಯದಿದ್ದರೆ ಈ ಜೇಡಕ್ಕೆ ತವರಿನಲ್ಲಿ ನೆಲೆಯಿರದು.