ಗೋಕುಂಟೆಗೆ ಒಂದು ಟ್ಯಾಂಕರ್ ನೀರು, ಹೆಸರಘಟ್ಟದ ಹಳೇ ಲೆಕ್ಕ

ಹೋದ ಭಾನುವಾರ ನಮ್ಮ ಹೊಲದ ಪಕ್ಕದ ಗೋಕುಂಟೆಗೆ ಒಂದು ಟ್ಯಾಂಕರ್ ನೀರು ಬಿಡಿಸಿದೆ. ಊರಲ್ಲಿ ಅದೇ ಮಾತಾಯ್ತು. "ದುಡ್ಡು ಜಾಸ್ತಿಯಾಗೈತೆ ಅವನಿಗೆ, ನವಿಲು ಸಾಕ್ತಾವ್ನೆ" ಅಂತ. ಹಂಗಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಟೊಮೆಟೊ ನವಿಲು ಕುಕ್ಕಿದೆ, ನಂದೂ ಕುಕ್ಕಿದೆ. ಆದ್ರೆ ನೀರು ಯಾರದ್ದು ಅನ್ನೋ ಜಗಳ ನಮ್ಮ ಭಾಗಕ್ಕೆ ಹೊಸದಲ್ಲ, ನೂರು ವರ್ಷಕ್ಕಿಂತ ಹಳೇದು. ಅದನ್ನ ಸ್ವಲ್ಪ ಬರೀತೀನಿ. ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಮೊದಲು ಆ ದಿನದ ವಿಷಯ. ಬೆಳಿಗ್ಗೆ ಆರು ಗಂಟೆಗೆ ತ್ರೀ ಫೇಸ್ ಬಂತು, ಮೋಟ್ರು ಹಾಕಿದೆ. ಮುಕ್ಕಾಲು ಗಂಟೆ ನೀರು ಬಂತು, ಆಮೇಲೆ ಬರೀ ಗಾಳಿ. ಬೋರು 1,100 ಅಡಿ. ನಿಲ್ಲಿಸಿ ಡ್ರಿಪ್ ಲೈನ್ ನೋಡ್ಕೊಂಡು ಹೋದ್ರೆ ನಾಲ್ಕು ಕಡೆ ತೂತು. ಅಳಿಲು ಕಚ್ಚಿರೋದು. ಪಾಪ, ಪೈಪು ತಿನ್ನೋಕೆ ಕಚ್ಚೋದಿಲ್ಲ ಅದು, ಒಳಗೆ ನೀರೈತೆ ಅಂತ ಗೊತ್ತು ಅದಕ್ಕೆ. ಜಾಯಿನರ್ ಹಾಕೋಷ್ಟರಲ್ಲಿ ಹತ್ತು ಗಂಟೆ, ಚಪ್ಪಲಿ ಒಳಗೇ ಕಾಲು ಸುಡ್ತಿತ್ತು.

ಕೊನೇ ತೂತಿನ ಹತ್ರ ಒಂದು ಟಿಟ್ಟಿಭ ನಿಂತಿತ್ತು. ರಾತ್ರಿಯೆಲ್ಲ ಕೂಗಿ ನಿದ್ದೆ ಕೆಡಿಸುತ್ತಲ್ಲ, ಅದೇ ಹಕ್ಕಿ. ಸೋರಿದ ನೀರಲ್ಲಿ ಕೂತ್ಕೊಂಡು ಹೊಟ್ಟೆ ಪುಕ್ಕ ನೆನೆಸ್ತು, ಎದ್ದು ಓಡಿ ಹೋಗಿ ಹೊಲದ ಮಧ್ಯ ಕಲ್ಲುಗಳ ನಡುವೆ ಕೂತ್ಕೊಂತು. ಹತ್ರ ಹೋಗಿ ನೋಡಿದ್ರೆ ಬರೀ ನೆಲದ ಮೇಲೆ ನಾಲ್ಕು ಮೊಟ್ಟೆ. ಒದ್ದೆ ಹೊಟ್ಟೆಯಿಂದ ಮೊಟ್ಟೆ ತಂಪು ಮಾಡ್ತಾ ಇತ್ತು ಅದು. ನಾನು ತೂತು ಮುಚ್ಚಿದ್ರೆ ಅದಕ್ಕೆ ನೀರಿಲ್ಲ. ಮುಚ್ಚಲೇಬೇಕು, ನನಗೂ ಬೇರೆ ದಾರಿ ಇಲ್ಲ. ಮುಚ್ಚಿ ಮನೆಗೆ ಬಂದು ಟ್ಯಾಂಕರ್‌ನವನಿಗೆ ಫೋನ್ ಮಾಡಿದೆ. ನಡೆದಿದ್ದು ಇಷ್ಟೇ.

ಈಗ ಹಳೇ ಲೆಕ್ಕಕ್ಕೆ ಬರ್ತೀನಿ.

ನಮ್ಮ ಯಲಹಂಕ ನಾಡು ಮೊದಲಿಂದ ಕೆರೆ ನಾಡು. ನದಿ ಅಂತ ಇರೋದು ನಂದಿ ಬೆಟ್ಟದಲ್ಲಿ ಹುಟ್ಟೋ ಅರ್ಕಾವತಿ ಒಂದೇ, ಅದೂ ಮಳೆ ಬಂದ್ರೆ ಮಾತ್ರ ನದಿ. ಅದಕ್ಕೇ ನಮ್ಮ ಹಿರೀಕರು ಪ್ರತಿ ತಗ್ಗಿಗೂ ಒಂದು ಏರಿ ಹಾಕಿದ್ರು. ಮೇಲಿನ ಕೆರೆ ಕೋಡಿ ಬಿದ್ರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತೋಕೆ ನೀರುಗಂಟಿ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅವನ ಲೆಕ್ಕ. ಇದರ ಜೊತೆಗೆ ಊರಿಗೊಂದು ಗುಂಡುತೋಪು, ಒಂದು ಗೋಕುಂಟೆ. ಗೋಕುಂಟೆ ನೀರನ್ನ ಹೊಲಕ್ಕೆ ಕಟ್ಟೋ ಹಂಗಿರಲಿಲ್ಲ, ದನಕ್ಕೆ ಅಂತಲೇ ಬಿಟ್ಟಿದ್ದು. ದನ ಕುಡಿದು ಹೋದ್ಮೇಲೆ ರಾತ್ರಿ ಮೊಲ, ನರಿ, ಗೌಜಲು ಎಲ್ಲ ಅಲ್ಲೇ ಕುಡೀತಿದ್ವು. ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ.

ಆಮೇಲೆ ಪೇಟೆ ಬಂತು ನೀರು ಕೇಳ್ಕೊಂಡು. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಬೆಂಗಳೂರಿಗೆ ಆಗ ಧರ್ಮಾಂಬುಧಿ, ಸಂಪಂಗಿ, ಹಲಸೂರು ಅಂತ ಊರೊಳಗಿನ ಕೆರೆಗಳೇ ಗತಿ. 1882ರಲ್ಲಿ ಸ್ಯಾಂಕಿ ಕೆರೆ ಆಯ್ತು, ಅದೂ ಸಾಲಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ನಮ್ಮ ಅರ್ಕಾವತಿಗೆ ಹೆಸರಘಟ್ಟದಲ್ಲಿ ದೊಡ್ಡ ಏರಿ ಎದ್ದಿತು. 1896ರ ಹೊತ್ತಿಗೆ ನೀರು ಪೇಟೆ ಸೇರ್ತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಹೆಸರು. ಕೆರೆಯಿಂದ ಇಟ್ಟಿಗೆ ಕಾಲುವೆಯಲ್ಲಿ ತನ್ನಷ್ಟಕ್ಕೆ ತಾನೇ ಹರಿದು ಸೋಲದೇವನಹಳ್ಳಿಗೆ ಬರೋದು, ಅಲ್ಲಿ ಉಗಿ ಯಂತ್ರದಿಂದ ಮೇಲಕ್ಕೆ ಎತ್ತಿ ಬೆಂಗಳೂರಿಗೆ ಕಳಿಸೋರು. ತರಬನಹಳ್ಳಿ ಕಡೆ ಹೋದ್ರೆ ಆ ಇಟ್ಟಿಗೆ ಕಮಾನುಗಳನ್ನ ಇವತ್ತೂ ನೋಡಬಹುದು. ಒಳ್ಳೇ ಕೆಲಸ, ನಿಜ ಹೇಳ್ಬೇಕು. ನಮ್ಮ ಕಾಲದಲ್ಲಿ ಕಟ್ಟಿದ ಸೇತುವೆ ಎಷ್ಟು ದಿನ ನಿಲ್ತವೆ ಅಂತ ನೋಡಿದ್ದೀವಲ್ಲ.

ಒಂದು ಮಾತು ಗಮನಿಸಿ. ಮೂವತ್ತು ವರ್ಷ ಆಗಿತ್ತಷ್ಟೆ, 1920ರ ದಶಕದ ಮಧ್ಯದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿತು. ಆಗ ಬೋರ್‌ವೆಲ್ ಇಲ್ಲ, ನೀಲಗಿರಿ ಇಲ್ಲ, ಲೇಔಟ್ ಇಲ್ಲ. ಆದ್ರೂ ಬತ್ತಿತು. ಪೇಟೆ ಏನು ಮಾಡ್ತು? ಇನ್ನೂ ಕೆಳಕ್ಕೆ ಹೋಯ್ತು. ವಿಶ್ವೇಶ್ವರಯ್ಯನವರ ಸಮಿತಿ ಹೇಳಿದ ಮೇಲೆ ಅರ್ಕಾವತಿ, ಕುಮುದ್ವತಿ ಸೇರೋ ತಿಪ್ಪಗೊಂಡನಹಳ್ಳಿಯಲ್ಲಿ 1933ಕ್ಕೆ ಇನ್ನೊಂದು ಅಣೆಕಟ್ಟು ಆಯ್ತು. ಅದೂ ಸಾಲದೆ 1974ರಲ್ಲಿ ನೂರು ಕಿಲೋಮೀಟರ್ ದೂರದ ಕಾವೇರಿ ಬಂತು. ಪೇಟೆಗೆ ಪ್ರತಿ ಸಲ ಹೊಸ ಕೆರೆ ಸಿಗುತ್ತೆ. ಕೆರೆ ಪಕ್ಕದ ನಮಗೆ ಎಲ್ಲಿಂದ ಬರಬೇಕು?

ನಾವು ಕೆಳಗೆ ಕೊರೆದ್ವಿ. ಇದರಲ್ಲಿ ಬೇರೆಯವರನ್ನ ಬೈದು ಪ್ರಯೋಜನ ಇಲ್ಲ. ನಾನು ಹುಡುಗ ಆಗಿದ್ದಾಗ ನಮ್ಮ ಬಾವಿಯಲ್ಲಿ ನಲವತ್ತು ಅಡಿಗೆ ನೀರು, ನಮ್ಮ ತಂದೆ ಕಪಿಲೆ ಹೊಡೆದಿದ್ದು ನೆನಪಿದೆ. ಪಂಪ್‌ಸೆಟ್ ಬಂದಾಗ ಎಲ್ಲರಿಗಿಂತ ಖುಷಿಪಟ್ಟಿದ್ದು ನಾವೇ, ಎತ್ತಿಗೂ ರೆಸ್ಟು ನಮಗೂ ರೆಸ್ಟು. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ನೀಲಗಿರಿ ಬಂತು. ಕೂಲಿ ಸಿಗಲ್ಲ, ರಾಗಿಗೆ ಬೆಲೆ ಇಲ್ಲ ಅಂತ ನಮ್ಮೋರೂ ಹೊಲಕ್ಕೇ ಹಾಕಿದ್ರು. ನಾವೂ ಅರ್ಧ ಎಕರೆ ಹಾಕಿದ್ದೆವು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ನಾವು ಅಷ್ಟರಲ್ಲಿ ಬುಡ ಕೀಳಿಸೋಕೆ ಜೆಸಿಬಿಗೆ ದುಡ್ಡು ಕೊಟ್ಟಾಗಿತ್ತು.

ಇನ್ನು ಹುಲ್ಲುಗಾವಲು. ಹೆಸರಘಟ್ಟದ ಸುತ್ತ ಪಶುಸಂಗೋಪನೆಯವರ ಜಾಗ, ನಾವೆಲ್ಲ "ಬೀಳು" ಅಂತೀವಲ್ಲ, ಅದು ಬೀಳಲ್ಲ. ಅಲ್ಲಿ ಬಿದ್ದ ಮಳೆ ನಿಧಾನಕ್ಕೆ ಇಂಗಿ ಕೆರೆ ಕಡೆ ಹೋಗುತ್ತೆ. 1972ರಲ್ಲೇ ಅಲ್ಲಿ ಫಿಲ್ಮ್ ಸಿಟಿ ಮಾಡ್ತೀವಿ ಅಂತ ಜಾಗ ಗುರುತು ಮಾಡಿದ್ರು, ಸಿಟಿ ಆಗಲಿಲ್ಲ, ಹುಲ್ಲು ಉಳೀತು. ಕೆಲಸ ಆಗದೆ ಇದ್ದಿದ್ದೇ ಒಳ್ಳೇದಾದ ಉದಾಹರಣೆ ಇದೊಂದೇ ಇರಬೇಕು! 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸುಮಾರು 5,678 ಎಕರೆಯನ್ನ ಸಂರಕ್ಷಣಾ ಮೀಸಲು ಮಾಡೋಕೆ ಒಪ್ಪಿತು. "ನಮ್ಮ ಹೊಲನೂ ಹೋಗುತ್ತಾ?" ಅಂತ ತುಂಬಾ ಜನ ಕೇಳಿದ್ರಿ. ಕಾನೂನಿನಲ್ಲಿ ಈ ರೀತಿ ಮೀಸಲು ಮಾಡೋದು ಸರ್ಕಾರದ ಜಮೀನನ್ನ ಮಾತ್ರ, ಖಾಸಗಿ ಪಹಣಿ ಇರೋದನ್ನಲ್ಲ. ಆದ್ರೆ ದನ ಮೇಯಿಸೋಕೆ ಬಿಡ್ತಾರಾ, ಹೆಂಗೆ ಬಿಡ್ತಾರೆ ಅಂತ ನಾವು ಕೇಳ್ಲೇಬೇಕು. ಆ ಹುಲ್ಲು ಇಷ್ಟು ದಿನ ಹುಲ್ಲಾಗೇ ಇರೋದಕ್ಕೆ ನಮ್ಮ ದನಗಳೂ ಕಾರಣ.

ಬಿಸಿಲಿನ ಬಗ್ಗೆ ಒಂದು ಮಾತು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ 39.2 ಡಿಗ್ರಿ ಆಯ್ತು. 2024ರ ಏಪ್ರಿಲ್ ಕೊನೇಲಿ 38.5, ಆ ತಿಂಗಳಲ್ಲಿ ಸಿಟಿಯಲ್ಲಿ ಮಳೆ ಲೆಕ್ಕ ಸೊನ್ನೆ. ಆ ವರ್ಷ ನಮ್ಮ ಕುಂಟೆ ಬಿರುಕು ಬಿಟ್ಟು, ಹುಣಸೆ ಮರದ ಕೆಳಗೆ ಎರಡು ಹೆಣ್ಣು ನವಿಲು ಸತ್ತು ಬಿದ್ದಿದ್ವು. ನವಿಲು ಬೆಳೆ ತಿನ್ನುತ್ತೆ, ಒಪ್ತೀನಿ. ಆದ್ರೆ ನನ್ನ ಹೊಲದಲ್ಲಿ ನೋಡಿದ ಪ್ರಕಾರ, ಬೇಸಿಗೆಯಲ್ಲಿ ಟೊಮೆಟೊ ಕುಕ್ಕೋದು ಹೊಟ್ಟೆಗಿಂತ ಬಾಯಾರಿಕೆಗೆ. ಕುಕ್ಕಿ ರಸ ಹೀರಿ ಹಣ್ಣು ಅಲ್ಲೇ ಬಿಟ್ಟಿರ್ತವೆ. ಕುಂಟೆಗೆ ನೀರು ಬಿಟ್ಟ ಮೇಲೆ ಈ ಎಂಟು ದಿನದಲ್ಲಿ ಕುಕ್ಕಿದ ಹಣ್ಣು ಅರ್ಧಕ್ಕರ್ಧ ಕಮ್ಮಿ. ಎಂಟು ದಿನದ ಲೆಕ್ಕ ದೊಡ್ಡ ಲೆಕ್ಕ ಅಲ್ಲ, ನೀವೂ ನೋಡಿ ಹೇಳಿ.

ನಿನ್ನೆ ಸಂಜೆ ಪಕ್ಕದ ಹೊಲದ ಮಾವ ಎರಡು ಹಸು ಹೊಡ್ಕೊಂಡು ಕುಂಟೆ ಹತ್ರ ಬಂದ್ರು. ಮೊದಲು ನನ್ನ ಆಡ್ಕೊಂಡಿದ್ದೋರು ಅವರೇ. "ಮುಂದಿನ ಟ್ಯಾಂಕರ್‌ಗೆ ಅರ್ಧ ದುಡ್ಡು ನಂದು ಕಣಪ್ಪ. ಹಸುಗೆ ಕೊಡ್ತಿರೋದು, ನಿನ್ನ ನವಿಲಿಗಲ್ಲ" ಅಂದ್ರು. ಆಯ್ತು ಮಾವ ಅಂದೆ.

ಕುಂಟೆಯಲ್ಲಿ ಮೂರಡಿ ಹೂಳಿದೆ. ಮುಂಗಾರಿಗೆ ಮುಂಚೆ ಪಂಚಾಯ್ತಿಗೆ ಅರ್ಜಿ ಕೊಟ್ಟು ಎತ್ತಿಸೋಣ ಅಂತ ಮಾತಾಡ್ಕೊಂಡಿದ್ದೀವಿ. ಟ್ರೈಲರ್ ಇರೋರು ತಿಳಿಸಿ, ಗೋಡು ನಿಮ್ಮ ಹೊಲಕ್ಕೇ ಹೊಡ್ಕೊಳ್ಳಿ. ಟಿಟ್ಟಿಭದ ಮೊಟ್ಟೆ ಇರೋ ಕಡೆ ಸುತ್ತ ಕೋಲು ನೆಟ್ಟಿದ್ದೀನಿ, ಆ ದಾರಿ ಟ್ರ್ಯಾಕ್ಟರ್ ತರಬೇಡಿ.