ಒಂಟಿ ಸುರುಳಿಯ ಗುಂಯ್‌ಕಾರ: ಗಿಟಾರ್ ಪಿಕಪ್ಪಿನ ಇತಿಹಾಸವೂ ಬಸವೇಶ್ವರನಗರದ ವಿದ್ಯುತ್ತೂ

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ತಂತಿಯ ನಾದವನ್ನು ಯಾವ ನಿಯಮದಿಂದ ಹಿಡಿಯುತ್ತದೆಯೋ, ಮನೆಯ ವಿದ್ಯುತ್ತಿನ ಗುಂಯ್‌ಕಾರವನ್ನೂ ಅದೇ ನಿಯಮದಿಂದ ಹಿಡಿಯುವುದರಿಂದ, ಈ ವಾದ್ಯದ ಇತಿಹಾಸವನ್ನು ಅದು ನುಡಿಯುವ ಊರಿನ ವಿದ್ಯುತ್ತಿನಿಂದ ಬೇರ್ಪಡಿಸಿ ಬರೆಯಲಾಗದು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆಯನ್ನು ಸುತ್ತಿದ ಸುರುಳಿ. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ, ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಪ್ರೇರಣೆಯ ನಿಯಮದಂತೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಕಾಂತಕ್ಷೇತ್ರವನ್ನು ಅಲುಗಾಡಿಸಿದ್ದು ತಂತಿಯೋ, ಪಕ್ಕದ ಗೋಡೆಯೊಳಗಿನ ವೈರೋ ಎಂಬ ಭೇದ ಆ ಸುರುಳಿಗೆ ತಿಳಿಯದು.

ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನೂ ತಲುಪಿತು. ರಾಜಾಜಿನಗರದ ಪಶ್ಚಿಮಕ್ಕೆ, ಕಾರ್ಡ್ ರಸ್ತೆಯ ಆಚೆ ಬಸವೇಶ್ವರನಗರ ಬಡಾವಣೆಯಾಗಿ ಬೆಳೆಯುವ ಹೊತ್ತಿಗೆ ವಿದ್ಯುತ್ತು ಮಧ್ಯಮವರ್ಗದ ಮನೆಯ ಸಾಮಾನ್ಯ ಸಂಗತಿಯಾಗಿತ್ತು. ಅದು ಸೆಕೆಂಡಿಗೆ 50 ಆವರ್ತಗಳ ವಿದ್ಯುತ್; ಕೇಳಿಸುವ ಸ್ವರವಾಗಿ ಲೆಕ್ಕ ಹಾಕಿದರೆ ಹಾರ್ಮೋನಿಯಂನ ಬಿಳಿ ಐದರ ಮನೆಗೆ ಹಲವು ಸ್ಥಾಯಿ ಕೆಳಗೆ, ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಏರಿದ ಶ್ರುತಿಯಲ್ಲಿ ಅದು ನಿಲ್ಲುತ್ತದೆ. ಪಿಕಪ್ಪುಗಳನ್ನು ರೂಪಿಸಿದ ಅಮೆರಿಕದಲ್ಲಿ ಆವರ್ತ 60 ಆದ್ದರಿಂದ ಅಲ್ಲಿನ ಗುಂಯ್‌ಕಾರ ಕರಿ ಐದಕ್ಕೂ ಬಿಳಿ ಏಳಕ್ಕೂ ನಡುವೆ ಸಿಕ್ಕಿಕೊಂಡಿರುತ್ತದೆ. ಬಿಳಿ ಐದರಲ್ಲಿ ಹಾಡುವವರಿಗೆ ಗಿಟಾರ್ ಪಕ್ಕವಾದ್ಯವಾಗಿ ಕೂತರೆ, ಬೆಂಗಳೂರಿನ ವಿದ್ಯುತ್ತು ತಾನಾಗಿಯೇ ಒಂದು ಅಪಶ್ರುತಿಯ ತಂಬೂರಿಯನ್ನು ಹಿಡಿದು ಕೂಡುತ್ತದೆ ಎನ್ನಬಹುದು.

ಈ ಬಡಾವಣೆಯ ಹಳೆಯ ಮನೆಗಳಲ್ಲಿ ಗದ್ದಲದ ಮೂಲಗಳು ಎರಡು ಬಗೆಯವು, ಮತ್ತು ಅವುಗಳ ಭೇದವನ್ನು ಅರಿಯದೆ ಪಿಕಪ್ ಕೊಂಡವರು ಹಣ ಕಳೆದುಕೊಂಡದ್ದೇ ಹೆಚ್ಚು. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟಿನ ಚೋಕ್, ಆಂಪ್ಲಿಫೈಯರಿನೊಳಗಿನ ವಿದ್ಯುತ್ ಪೂರೈಕೆಯ ಭಾಗ ಇವು ಕಾಂತಕ್ಷೇತ್ರವನ್ನೇ ಹರಡಿ ದಪ್ಪ ಗುಂಯ್‌ಕಾರವನ್ನು ಹುಟ್ಟಿಸುತ್ತವೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ದೀಪದ ಡಿಮ್ಮರ್ ಮುಂತಾದವು ವಿದ್ಯುತ್ತನ್ನು ಪ್ರತಿ ಆವರ್ತದಲ್ಲಿ ಕತ್ತರಿಸುವುದರಿಂದ ಸಣ್ಣಗೆ, ಚುಚ್ಚುವ ಹಾಗೆ ಕರ್‌ಗುಟ್ಟುವ ಸದ್ದು ಬರುತ್ತದೆ. ಇದರಲ್ಲಿ ವಿದ್ಯುತ್ ಕ್ಷೇತ್ರದ ಪಾಲೂ ಇರುವುದರಿಂದ ಗಿಟಾರಿನ ಒಳಗೆ ತಾಮ್ರದ ಹಾಳೆ ಅಂಟಿಸಿ ಅದನ್ನು ಅರ್ತಿಂಗಿಗೆ ಸೇರಿಸಿದರೆ ಸದ್ದು ಬಹಳಷ್ಟು ತಗ್ಗುತ್ತದೆ. ಮೊದಲ ಬಗೆಯ ಗುಂಯ್‌ಕಾರಕ್ಕೆ ತಾಮ್ರದ ಹಾಳೆ ಅಡ್ಡಿಯೇ ಅಲ್ಲ, ಕಡಿಮೆ ಆವರ್ತದ ಕಾಂತಕ್ಷೇತ್ರ ಅದನ್ನು ದಾಟಿ ಹೋಗುತ್ತದೆ.

ಗಣೇಶೋತ್ಸವದ ಪೆಂಡಾಲು ಈ ಎರಡೂ ಬಗೆಯ ಗದ್ದಲ ಒಟ್ಟಿಗೆ ಸೇರುವ ಜಾಗ. ಚಿತ್ರಗೀತೆಗಳ ಆರ್ಕೆಸ್ಟ್ರಾದ ತಲೆಯ ಮೇಲೆ ಸೀರಿಯಲ್ ಸೆಟ್ಟುಗಳು ಹತ್ತಿ ಆರುತ್ತಿದ್ದರೆ, ಒಂದೇ ಎಳೆತದ ವೈರಿನಿಂದ ಮೈಕು, ದೀಪ, ಕೀಬೋರ್ಡು, ಗಿಟಾರ್ ಎಲ್ಲಕ್ಕೂ ವಿದ್ಯುತ್ ಹೋಗುತ್ತಿರುತ್ತದೆ. ಪಲ್ಲವಿಗೂ ಚರಣಕ್ಕೂ ನಡುವಿನ ಬಿಡುವಿನಲ್ಲಿ ಲೀಡ್ ಗಿಟಾರ್ ನುಡಿಸುವವರು ವಾದ್ಯದೊಂದಿಗೆ ಮೈಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಗುಂಯ್‌ಕಾರ ಕಡಿಮೆಯಾಗುವ ದಿಕ್ಕಿಗೆ ನಿಲ್ಲುವುದನ್ನು ಯಾರಾದರೂ ಗಮನಿಸಬಹುದು. ಇದು ಅಭಿನಯವಲ್ಲ. ಸುರುಳಿಯ ಅಕ್ಷ ಬಾಹ್ಯ ಕಾಂತಕ್ಷೇತ್ರಕ್ಕೆ ಅಡ್ಡವಾಗಿ ನಿಂತಾಗ ಅದರಲ್ಲಿ ಹುಟ್ಟುವ ಗದ್ದಲ ಅತಿ ಕಡಿಮೆಯಾಗಿರುತ್ತದೆ.

ಕಾಂತೀಯ ಪಿಕಪ್ಪಿನ ಆರಂಭ 1930ರ ದಶಕದ ಕ್ಯಾಲಿಫೋರ್ನಿಯಾದಲ್ಲಿದೆ. ಹವಾಯಿಯನ್ ಗಿಟಾರಿಗೆಂದು ಜಾರ್ಜ್ ಬೋಶಾಂಪ್ ರೂಪಿಸಿದ, ಲಾಳಾಕಾರದ ಅಯಸ್ಕಾಂತಗಳುಳ್ಳ ಪಿಕಪ್ಪಿಗೆ 1937ರಲ್ಲಿ ಪೇಟೆಂಟ್ ದೊರೆಯಿತು. ಲಿಯೋ ಫೆಂಡರ್ ಅವರ ಕಂಪನಿಯ 1954ರ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಮೂರು ಒಂಟಿ ಸುರುಳಿಗಳಿದ್ದವು. ಒಂದೊಂದರಲ್ಲೂ ಆರು ಸಣ್ಣ ಕಂಬದಂಥ ಅಯಸ್ಕಾಂತಗಳು, ಅವುಗಳ ಸುತ್ತ ಮಿಲಿಮೀಟರಿನ ಹದಿನಾರನೇ ಒಂದು ಭಾಗದಷ್ಟು ದಪ್ಪದ ಎನಾಮಲ್ ತಾಮ್ರದ ಎಳೆಯ ಸುಮಾರು 8,000 ಸುತ್ತುಗಳು. ಸುರುಳಿ ಚಿಕ್ಕದು, ತಂತಿಯ ಅತಿ ಕಿರಿದಾದ ಭಾಗವನ್ನು ಮಾತ್ರ ಅದು ಆಲಿಸುತ್ತದೆ. ಆದ್ದರಿಂದಲೇ ಅದರ ನಾದದಲ್ಲಿ ಮೇಲಿನ ಸ್ವರಾಂಶಗಳು ಹೆಚ್ಚು, ಮೀಟಿನ ಆರಂಭ ಚುರುಕು. ಕನ್ನಡ ಚಿತ್ರಗೀತೆಯ ಲೀಡ್ ಗಿಟಾರ್ ಸಾಲುಗಳು ಕೊಳಲು, ಪಿಟೀಲುಗಳ ನಡುವೆಯೂ ಬಿಡಿಯಾಗಿ ಕೇಳಬೇಕಾದರೆ ಈ ಚುರುಕು ಬೇಕೇ ಬೇಕು.

ಗದ್ದಲವನ್ನು ಅಳಿಸುವ ಉಪಾಯ ಫೆಂಡರಿನ ಪ್ರತಿಸ್ಪರ್ಧಿ ಗಿಬ್ಸನ್ ಕಂಪನಿಯಿಂದ ಬಂದಿತು. ಅಲ್ಲಿನ ಸೆಥ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿ 1959ರಲ್ಲಿ ಪಡೆದ ಹಂಬಕರ್ ಎಂಬ ಪಿಕಪ್ಪಿನಲ್ಲಿ ಎರಡು ಸುರುಳಿಗಳು ಅಕ್ಕಪಕ್ಕ ಇರುತ್ತವೆ. ಎರಡರ ಅಯಸ್ಕಾಂತದ ಧ್ರುವಗಳೂ ಸಂಪರ್ಕದ ದಿಕ್ಕೂ ಒಂದಕ್ಕೊಂದು ವಿರುದ್ಧ. ಹೊರಗಿನ ಗುಂಯ್‌ಕಾರಕ್ಕೆ ಧ್ರುವದ ಹಂಗಿಲ್ಲವಾದ್ದರಿಂದ ಅದು ಎರಡು ಸುರುಳಿಗಳಲ್ಲಿ ವಿರುದ್ಧ ಚಿಹ್ನೆಯಲ್ಲಿ ಹುಟ್ಟಿ ವಜಾ ಆಗುತ್ತದೆ. ತಂತಿಯ ನಾದ ಎರಡು ಬಾರಿ ತಿರುಗಿ ಮತ್ತೆ ಒಂದೇ ಚಿಹ್ನೆಗೆ ಬಂದು ಕೂಡಿಕೊಳ್ಳುತ್ತದೆ. ಆದರೆ ತಂತಿಯನ್ನು ಎರಡು ಕಡೆ ಆಲಿಸಿದ್ದರಿಂದ ಕೆಲವು ಸ್ವರಾಂಶಗಳು ಪರಸ್ಪರ ಅಳಿದು, ಸುತ್ತುಗಳು ಹೆಚ್ಚಿದ್ದರಿಂದ ಅನುರಣನದ ಶಿಖರ ಕೆಳಗಿಳಿದು, ನಾದ ದುಂಡಗೆ, ಮಂದವಾಗಿ ಬಂದಿತು.

ಗದ್ದಲವಿಲ್ಲದ ಒಂಟಿ ಸುರುಳಿ ಎಂಬ ಬಯಕೆ ಹುಟ್ಟಿದ್ದು ಇಲ್ಲಿಂದ. 1970ರ ದಶಕದ ನಂತರ ಡಿಮಾರ್ಜಿಯೊ, ಸೀಮೋರ್ ಡಂಕನ್ ಮುಂತಾದ ಅಮೆರಿಕದ ತಯಾರಕರು ಎರಡನೆಯ ಸುರುಳಿಯನ್ನು ಪಕ್ಕದಲ್ಲಿಡದೆ ಮೊದಲನೆಯದರ ಕೆಳಗೆ ಇರಿಸಿದರು. ತಂತಿಯಿಂದ ದೂರವಿರುವ ಕೆಳಗಿನ ಸುರುಳಿ ನಾದವನ್ನು ಕಡಿಮೆಯೂ ಗುಂಯ್‌ಕಾರವನ್ನು ಮೇಲಿನದರಷ್ಟೇ ಪ್ರಮಾಣದಲ್ಲಿಯೂ ಹಿಡಿಯುತ್ತದೆ ಎಂಬುದು ಇದರ ಹಿಂದಿನ ತರ್ಕ. ತೊಡಕೆಂದರೆ, ಅದು ಹಿಡಿಯುವ ಆ ಅಲ್ಪ ನಾದವೂ ಮೇಲಿನ ನಾದದಿಂದ ಕಳೆದುಹೋಗುತ್ತದೆ ಮತ್ತು ಅದರ ಎಳೆಯ ಉದ್ದ ಪ್ರತಿರೋಧವನ್ನು ಹೆಚ್ಚಿಸುತ್ತದೆ; ಆರಂಭದ ಇಂಥ ಪಿಕಪ್ಪುಗಳು ಮಂಕಾಗಿ ನುಡಿಯುತ್ತವೆ ಎಂಬ ದೂರಿಗೆ ಕಾರಣ ಇದೇ. 1987ರಲ್ಲಿ ಫೆಂಡರ್ ತನ್ನ ಗಿಟಾರುಗಳಿಗೆ ಲೇಸ್ ಸೆನ್ಸರ್ ಎಂಬ ಕಡಿಮೆ ಗದ್ದಲದ ಪಿಕಪ್ ಅಳವಡಿಸಿತು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ರಿಸ್ ಕಿನ್‌ಮನ್ ಎರಡು ಸುರುಳಿಗಳ ನಡುವೆ ಕಾಂತೀಯ ಮರೆಯಿಟ್ಟು ಕೆಳಗಿನ ಸುರುಳಿಯನ್ನು ತಂತಿಯ ನಾದಕ್ಕೆ ಬಹುಮಟ್ಟಿಗೆ ಕಿವುಡಾಗಿಸಿದ್ದು ಈ ಕಥೆಯ ದೊಡ್ಡ ಸುಧಾರಣೆ.

ಕರ್ನಾಟಕದ ವೀಣೆಯೂ ಇದಕ್ಕೆ ಹತ್ತಿರದ ಪ್ರಶ್ನೆಯನ್ನು ಎದುರಿಸಿದೆ. ಕೊಡದ ಮೇಲೆ ಅಂಟಿಸುವ ಕಾಂಟ್ಯಾಕ್ಟ್ ಮೈಕು ಕಾಂತೀಯ ಗುಂಯ್‌ಕಾರವನ್ನು ಹಿಡಿಯದಿದ್ದರೂ, ಬೆರಳು ಉಜ್ಜಿದ ಸದ್ದನ್ನೂ ವೇದಿಕೆಯ ಕೂಗುಧ್ವನಿಯನ್ನೂ ಹೊತ್ತು ತರುತ್ತದೆ. ಅಯಸ್ಕಾಂತದ ಪಿಕಪ್ ಅವುಗಳಿಂದ ಮುಕ್ತವಾದರೂ ಉಕ್ಕಿನ ಸಾರಣಿಯನ್ನು ಹಿಡಿದಂತೆ ಹಿತ್ತಾಳೆಯ ಮಂದ್ರ ತಂತಿಯನ್ನು ಹಿಡಿಯಲಾರದು. ಕೊಳಲುವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು ಸ್ಥಾಪಿಸಿದ ಬೆಂಗಳೂರಿನ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿಯ ಜೊತೆಗೆ ಎಲೆಕ್ಟ್ರಾನಿಕ್ ವೀಣೆಯನ್ನೂ ತಯಾರಿಸಿದ್ದು ಈ ಹುಡುಕಾಟದ ಸ್ಥಳೀಯ ಅಧ್ಯಾಯ.

ಬಸವೇಶ್ವರನಗರಕ್ಕೆ ಹೊಂದಿಕೊಂಡ ಕಾಮಾಕ್ಷಿಪಾಳ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸುಟ್ಟ ಮೋಟಾರಿನ ಸುರುಳಿ ಬಿಚ್ಚಿ ಹೊಸ ಎನಾಮಲ್ ತಂತಿ ಸುತ್ತುವ ವೈಂಡಿಂಗ್ ಕೆಲಸದವರಿಗೆ ಪಿಕಪ್ಪಿನ ತತ್ತ್ವ ಹೊಸತಲ್ಲ. ಸುತ್ತುಗಳ ಲೆಕ್ಕ ತಪ್ಪಬಾರದು, ಎನಾಮಲ್ ಕೆರೆಯಬಾರದು, ಎಳೆತ ಹೆಚ್ಚಾಗಬಾರದು ಎಂಬ ಶಿಸ್ತು ಎರಡಕ್ಕೂ ಒಂದೇ. ಪಿಕಪ್ಪಿನ ಎಳೆ ಮಾತ್ರ ಮೋಟಾರಿನದಕ್ಕಿಂತ ಬಹಳ ತೆಳು, ಸ್ವಲ್ಪ ಜಗ್ಗಿದರೂ ತುಂಡಾಗುತ್ತದೆ.

ಈ ಇತಿಹಾಸದ ಬೆಳಕಿನಲ್ಲಿ ಆಯ್ಕೆಯ ಕ್ರಮ ಸ್ಪಷ್ಟ. ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾದ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಮೊದಲು ನೋಡಿಸಬೇಕು, ಏಕೆಂದರೆ ಅದಿಲ್ಲದಿದ್ದರೆ ಗದ್ದಲಕ್ಕಿಂತ ದೊಡ್ಡದಾದ ಜೀವಾಪಾಯವೂ ಇದೆ. ಅನಂತರ ಮೂರು ಒಂಟಿ ಸುರುಳಿಗಳ ಗಿಟಾರಿನಲ್ಲಿ ನಡುವಿನದನ್ನು ತಿರುಗುಮುರುಗು ಸುತ್ತಿ, ಧ್ರುವವನ್ನೂ ವಿರುದ್ಧವಾಗಿಸಿದ ಬಗೆಯದಾಗಿ ಆರಿಸಿಕೊಂಡರೆ ಪಿಕಪ್ ಆರಿಸುವ ಸ್ವಿಚ್ಚಿನ ಎರಡನೆಯ, ನಾಲ್ಕನೆಯ ಸ್ಥಾನಗಳಲ್ಲಿ ಗುಂಯ್‌ಕಾರ ತಾನೇ ಅಡಗುತ್ತದೆ, ಹೆಚ್ಚಿನ ಖರ್ಚೂ ಇಲ್ಲ. ಮನೆಯ ಕೋಣೆಯಲ್ಲಿ ಅಭ್ಯಾಸ ಮಾಡುವವರಿಗೆ ಇಷ್ಟು ಸಾಕು. ಪೆಂಡಾಲಿನಲ್ಲಿ, ಸೀರಿಯಲ್ ಸೆಟ್ಟುಗಳ ಕೆಳಗೆ, ಡಿಸ್ಟಾರ್ಷನ್ ಹಾಕಿ ನುಡಿಸುವವರಿಗೆ ಮಾತ್ರ ಮೇಲುಕೆಳಗು ಸುರುಳಿಯ ಹೊಸ ಪಿಕಪ್ಪು ಕೊಟ್ಟ ಬೆಲೆಗೆ ತಕ್ಕದ್ದು; ಅದನ್ನೂ ಅಂಗಡಿಯ ಪ್ರದರ್ಶನದ ಕೋಣೆಯಲ್ಲಿ ಅಲ್ಲದೆ, ತಾವು ನುಡಿಸುವ ಆಂಪ್ಲಿಫೈಯರಿಗೇ ಜೋಡಿಸಿ ಕೇಳಿದ ನಂತರವೇ ಕೊಳ್ಳುವುದು ಒಳಿತು.