ಇಮೇಲಿಗೆ ಹೊಂದುವಷ್ಟು ಫೋಟೋ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಫೋನಿನಲ್ಲಿ ತೆಗೆದ ಫೋಟೋ ಈಗ ಬರೀ ನೆನಪಿಗೆ ಇಟ್ಟುಕೊಳ್ಳುವ ವಸ್ತುವಲ್ಲ. ಲಿಂಬೆ ಎಲೆಯ ಮೇಲಿನ ಕಜ್ಜಿ, ನಿಂತ ನೀರಲ್ಲಿ ಕೊಳೆತ ತೊಗರಿ, ಹೊಲದ ಉತಾರ, ಮಗಳ ನೌಕರಿ ಅರ್ಜಿಗೆ ಬೇಕಾದ ಸಹಿ, ಎಲ್ಲವೂ ಫೋಟೋ ಆಗಿಯೇ ಕಚೇರಿ, ಬ್ಯಾಂಕು, ವಿಮಾ ಕಂಪನಿ ಸೇರಬೇಕು. ವಾಟ್ಸಾಪಿನಲ್ಲಿ ಚಕ್ಕನೆ ಹೋಗುವ ಚಿತ್ರ ಇಮೇಲಿನಲ್ಲಿ ಗಿರಗಿರ ತಿರುಗುತ್ತ ನಿಂತುಬಿಡುತ್ತದೆ. ಆಗ ನೆಟ್ ಸೆಂಟರಿಗೆ ಹೋಗಿ "ಸೈಜ್ ಕಮ್ಮಿ ಮಾಡಿ ಕೊಡ್ರಿ" ಎನ್ನುವುದು ರೂಢಿ. ಆ ಕೆಲಸ ಫೋನಿನಲ್ಲೇ ಆಗುತ್ತದೆ. ಎಷ್ಟು ಕುಗ್ಗಿಸಬೇಕು ಎಂಬುದು ಮಾತ್ರ ಫೋಟೋ ಯಾವ ಕೆಲಸಕ್ಕೆ ಹೊರಟಿದೆ ಎಂಬುದರ ಮೇಲೆ ನಿಂತಿದೆ.

ಇಷ್ಟು ಭಾರ ಎಲ್ಲಿಂದ?

12 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋ ಅಂದರೆ ಉದ್ದಕ್ಕೆ 4000, ಎತ್ತರಕ್ಕೆ 3000 ಚುಕ್ಕಿ, ಒಟ್ಟು 1.2 ಕೋಟಿ. ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಎಂದರೂ 36 ಎಂಬಿ ಆಯಿತು. ಫೋನು ಅದನ್ನು ಹಾಗೇ ಇಡುವುದಿಲ್ಲ. ಜೆಪೆಗ್ ಎಂಬ ಪದ್ಧತಿಯಲ್ಲಿ ಒತ್ತಿ, ಸಾಮಾನ್ಯವಾಗಿ 3ರಿಂದ 5 ಎಂಬಿಗೆ ಇಳಿಸಿ ಇಡುತ್ತದೆ. 50 ಮೆಗಾಪಿಕ್ಸೆಲ್ ಆಯ್ಕೆ ಒತ್ತಿ ತೆಗೆದರೆ ಅದೇ ಫೋಟೋ 10 ಎಂಬಿ ದಾಟುವುದುಂಟು. ಇಮೇಲಿಗೆ ಕಳಿಸುವ ಫೋಟೋಗೆ ಆ ಆಯ್ಕೆ ದಂಡ.

ಒಂದೇ ಫೋನಿನ ಎರಡು ಫೋಟೋಗಳ ತೂಕವೂ ಒಂದೇ ಇರುವುದಿಲ್ಲ. ಬರಿಯ ಆಕಾಶದ ಚಿತ್ರ ಹಗುರ. ಎಲೆ, ಬಳ್ಳಿ, ಗೊಂಚಲು ತುಂಬಿದ ದ್ರಾಕ್ಷಿ ಚಪ್ಪರದ ಚಿತ್ರ ಭಾರ. ಮಬ್ಬು ಬೆಳಕಿನಲ್ಲಿ ತೆಗೆದದ್ದು ನೋಡಲೂ ಚೆನ್ನಾಗಿರುವುದಿಲ್ಲ, ಅದರ ಮೇಲಿನ ಮರಳುಮರಳಾದ ಕಲೆಗಳಿಂದಾಗಿ ತೂಕವೂ ಏರುತ್ತದೆ. ಕಾರಣ ಜೆಪೆಗ್ಗಿನ ಗಣಿತದಲ್ಲಿದೆ.

ಬೆಂಗಳೂರಿನವರೊಬ್ಬರ ಗಣಿತ

ಆ ಗಣಿತದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚುಟುಕಾಗಿ ಡಿಸಿಟಿ. ಅದನ್ನು ಕಂಡುಹಿಡಿದ ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1961ರಲ್ಲಿ ಅಲ್ಲಿಯೇ, ಈಗ ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಈ ವಿಚಾರದ ಸಂಶೋಧನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಹಣ ಕೇಳಿದರು. ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂಬ ಅಭಿಪ್ರಾಯ ಪರಿಶೀಲಕರಿಂದ ಬಂದಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ಹಣವಿಲ್ಲದೆಯೇ ಕೆಲಸ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರ ಜನವರಿಯಲ್ಲಿ ಲೇಖನ ಪ್ರಕಟಿಸಿದರು. ನಾಲ್ಕೇ ಪುಟದ ಲೇಖನ. 1992ರಲ್ಲಿ ಜೆಪೆಗ್ ಮಾನದಂಡವಾದಾಗ ಅದರ ನಡುಗಂಬ ಈ ಡಿಸಿಟಿಯೇ ಆಯಿತು. ಇಂಥ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಾದದ್ದು.

ಜೆಪೆಗ್ ಮೊದಲು ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸಿದಷ್ಟು ಚುರುಕಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಹೀಗಾಗಿ ಬಣ್ಣದ ವಿವರವನ್ನು ಮೊದಲೇ ಕಡಿತ ಮಾಡುತ್ತದೆ. ಆಮೇಲೆ ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಥಟ್ಟನೆ ಬದಲಾಗುವ ಗೆರೆ ಎಷ್ಟು ಎಂದು ಡಿಸಿಟಿ 64 ಸಂಖ್ಯೆಗಳಲ್ಲಿ ಲೆಕ್ಕ ಬರೆಯುತ್ತದೆ. ಕಣ್ಣಿಗೆ ಬೀಳದ ಸಣ್ಣ ಏರಿಳಿತದ ಸಂಖ್ಯೆಗಳನ್ನು ಸೊನ್ನೆ ಮಾಡಿದರೆ ಕಡತ ಇಳಿಯಿತು. ಆಕಾಶದ ಚೌಕದಲ್ಲಿ ಹೆಚ್ಚಿನವು ಸೊನ್ನೆಯೇ. ಚಪ್ಪರದ ಚೌಕದಲ್ಲಿ ಸೊನ್ನೆ ಕಡಿಮೆ.

ಹೀಗೆ ಬಿಟ್ಟ ವಿವರ ಮತ್ತೆ ಸಿಗುವುದಿಲ್ಲ. ಚಿಕ್ಕದಾದ ಫೋಟೋವನ್ನು ಮತ್ತೆ ಹಿಗ್ಗಿಸಿದರೆ ಚುಕ್ಕಿ ದಪ್ಪವಾಗುತ್ತದೆ, ಅಷ್ಟೆ. ಜಿಪ್ ಮಾಡಿದರೆ ಇನ್ನೂ ಇಳಿದೀತೆಂಬ ಆಸೆಯೂ ಬೇಡ: ಒಮ್ಮೆ ತೂರಿ ಹಸನು ಮಾಡಿದ ಜೋಳವನ್ನು ಮತ್ತೆ ತೂರಿದರೆ ಹೊಟ್ಟು ಬೀಳುವುದಿಲ್ಲ.

ಇಮೇಲಿನ ಮಿತಿ

ಜಿಮೇಲ್‌ನಲ್ಲಿ ಒಂದು ಪತ್ರದ ಜೊತೆ ಕಳಿಸಬಹುದಾದದ್ದು 25 ಎಂಬಿ. ಔಟ್‌ಲುಕ್ ಡಾಟ್ ಕಾಮ್‌ನಲ್ಲಿ 20 ಎಂಬಿ. ಕಚೇರಿಗಳ ಇಮೇಲಿನಲ್ಲಿ ಮಿತಿ ಇದಕ್ಕೂ ಕಡಿಮೆ ಇರಬಹುದು. ಇನ್ನೊಂದು ಒಳಗುಟ್ಟಿದೆ. ಇಮೇಲ್ ಹುಟ್ಟಿದ್ದು ಅಕ್ಷರಗಳನ್ನು ಸಾಗಿಸಲು. ಚಿತ್ರ ಕಳಿಸುವ ಮೈಮ್ ಪದ್ಧತಿ 1992ರಲ್ಲಿ ಬಂದಾಗಲೂ ಚಿತ್ರವನ್ನು ಅಕ್ಷರಗಳಾಗಿ ಬರೆದೇ ಕಳಿಸುವ ಏರ್ಪಾಡು ಆಯಿತು. ಪ್ರತಿ 3 ಬೈಟ್ 4 ಅಕ್ಷರವಾಗುತ್ತದೆ. ಅಂದರೆ 15 ಎಂಬಿ ಫೋಟೋಗಳು ದಾರಿಯಲ್ಲಿ 20 ಎಂಬಿ ತೂಗುತ್ತವೆ. ಮಿತಿಯ ಒಳಗೇ ಇದ್ದ ಪತ್ರ ವಾಪಸು ಬರುವುದಕ್ಕೆ ಹಲವು ಸಲ ಇದೇ ಕಾರಣ.

ಫೋನಿನಲ್ಲಿ ಮಾಡುವ ಬಗೆ

ಮೊದಲ ಕೆಲಸ ಕ್ರಾಪ್. ಬೇಡದ ಅಂಚು ಕತ್ತರಿಸಿದರೆ ಬೇಕಾದ ಭಾಗದ ಒಂದು ಚುಕ್ಕಿಯೂ ಹಾಳಾಗದೆ ತೂಕ ಇಳಿಯುತ್ತದೆ. ಇದನ್ನು ಬಿಟ್ಟು ನೇರವಾಗಿ ಕುಗ್ಗಿಸಲು ಹೋಗುವವರೇ ಹೆಚ್ಚು.

ಆಮೇಲೆ ಅಳತೆ. 4000×3000 ಚಿತ್ರವನ್ನು 2000×1500ಕ್ಕೆ ಇಳಿಸಿದರೆ ಚುಕ್ಕಿಗಳು ಕಾಲು ಭಾಗಕ್ಕೆ ಬರುತ್ತವೆ, ಕಡತವೂ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ನೋಡುವವರಿಗೆ ಅಷ್ಟು ಧಾರಾಳ. ಸ್ಯಾಮ್‌ಸಂಗ್ ಫೋನುಗಳ ಗ್ಯಾಲರಿಯಲ್ಲಿ ಎಡಿಟ್ ಒತ್ತಿ, ಮೂರು ಚುಕ್ಕಿಯ ಮೆನು ತೆರೆದರೆ ರೀಸೈಜ್ ಸಿಗುತ್ತದೆ. ಐಫೋನಿನ ಮೇಲ್ ಆ್ಯಪ್ ಕಳಿಸುವ ಮುಂಚೆ ಸಣ್ಣದು, ಮಧ್ಯಮ, ದೊಡ್ಡದು, ಇದ್ದ ಹಾಗೇ ಎಂದು ತಾನೇ ಕೇಳುತ್ತದೆ. ಯಾವುದೂ ಇಲ್ಲದ ಫೋನಾದರೆ ವಾಟ್ಸಾಪಿನಲ್ಲಿ ನಿಮಗೆ ನೀವೇ, ಎಚ್‌ಡಿ ಒತ್ತದೆ, ಫೋಟೋ ಕಳಿಸಿಕೊಳ್ಳಿ. ಉದ್ದನೆಯ ಬದಿ ಸುಮಾರು 1600 ಚುಕ್ಕಿಗೆ ಇಳಿದ ಪ್ರತಿ ಸಿಗುತ್ತದೆ. ಅದನ್ನೇ ಇಮೇಲಿಗೆ ಹಚ್ಚಬಹುದು.

2017ರಿಂದ ಐಫೋನುಗಳು ಎಚ್‌ಇಐಸಿ ಎಂಬ ಇನ್ನೂ ಹಗುರವಾದ ರೂಪದಲ್ಲಿ ಫೋಟೋ ಇಡುತ್ತಿವೆ. ಕಚೇರಿಯ ಹಳೆಯ ಕಂಪ್ಯೂಟರು ಅದನ್ನು ತೆರೆಯದೇ ಇರಬಹುದು. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಜೆಪೆಗ್ ಬರುತ್ತದೆ.

ಅಂತರಜಾಲದಲ್ಲಿ ಪುಕ್ಕಟೆ ಕುಗ್ಗಿಸಿಕೊಡುವ ತಾಣಗಳು ಬಹಳ. ಗೊತ್ತಿಲ್ಲದ ತಾಣಕ್ಕೆ ಆಧಾರ್ ಕಾರ್ಡಿನ ಫೋಟೋ ಏರಿಸುವುದು ಅದನ್ನು ಬೀದಿಯಲ್ಲಿ ಇಟ್ಟು ಬಂದಂತೆ. ಗೂಗಲ್‌ನ ಸ್ಕ್ವೂಶ್ ಆ ಸಾಲಿನದಲ್ಲ. ಫೋಟೋ ನಿಮ್ಮ ಫೋನಿನ ಬ್ರೌಸರಿನ ಒಳಗೇ ಕುಗ್ಗುತ್ತದೆ, ಹೊರಗೆ ಹೋಗುವುದಿಲ್ಲ.

ಲಿಂಬೆ ಎಲೆ, ಉತಾರ, ಅರ್ಜಿ

ಇಂಡಿ ಲಿಂಬೆಯ ಊರು. ಕೃಷಿ ವಿಜ್ಞಾನ ಕೇಂದ್ರವೂ ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲಿವೆ. ಕಜ್ಜಿ ರೋಗವನ್ನು ಫೋಟೋದಲ್ಲಿ ಗುರುತಿಸಬೇಕಾದರೆ ಕಂದು ಗಂಟಿನ ಸುತ್ತಲಿನ ತೆಳು ಹಳದಿ ಬಳೆ ಕಾಣಬೇಕು. ಜೆಪೆಗ್ ಮೊದಲು ಕಡಿತ ಮಾಡುವುದು ಬಣ್ಣದ ವಿವರವನ್ನು ಎಂದೆನಲ್ಲ, ಅತಿಯಾಗಿ ಒತ್ತಿದ ಚಿತ್ರದಲ್ಲಿ ಆ ಬಳೆಯೇ ಮಸುಕಾಗುತ್ತದೆ. ಇಡೀ ಗಿಡದ ಚಿತ್ರ ಒಂದು, ಕುಗ್ಗಿಸಿ ಕಳಿಸಿ. ರೋಗ ಹತ್ತಿದ ಎಲೆಯನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆದು, ಕ್ರಾಪ್ ಮಾತ್ರ ಮಾಡಿ, ಕುಗ್ಗಿಸದೆ ಕಳಿಸಿ.

ಉತಾರಕ್ಕೆ ಜೆಪೆಗ್ ಒಗ್ಗುವುದಿಲ್ಲ. ಅಕ್ಷರ ಅಂದರೆ ಥಟ್ಟನೆ ಬದಲಾಗುವ ಗೆರೆ. ಒತ್ತಿದಾಗ ಮೊದಲು ಪೆಟ್ಟು ಬೀಳುವುದು ಅದಕ್ಕೇ. ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ, ಸರ್ವೇ ನಂಬರಿನ 3 ಮತ್ತು 8 ಒಂದೇ ಥರ ಕಾಣುತ್ತವೆ. ಗೂಗಲ್ ಡ್ರೈವ್‌ನ ಸ್ಕ್ಯಾನ್, ಐಫೋನಾದರೆ ನೋಟ್ಸ್‌ನ ಸ್ಕ್ಯಾನ್ ಬಳಸಿ ಪಿಡಿಎಫ್ ಮಾಡಿ. ಕಪ್ಪುಬಿಳುಪು ಆರಿಸಿದರೆ ಅಕ್ಷರವೂ ಸ್ಪಷ್ಟ, ಕಡತವೂ ಹಗುರ.

ಅರ್ಜಿಗಳ ಕಥೆ ಬೇರೆ. ಬ್ಯಾಂಕ್ ನೌಕರಿಯ ಐಬಿಪಿಎಸ್ ಅರ್ಜಿಗೆ ಫೋಟೋ 200×230 ಚುಕ್ಕಿ, 20ರಿಂದ 50 ಕೆಬಿ. ಸಹಿ 140×60 ಚುಕ್ಕಿ, 10ರಿಂದ 20 ಕೆಬಿ. ಕಡಿಮೆಯಾದರೂ ತಿರಸ್ಕಾರವೇ. ಮೊದಲು ಚುಕ್ಕಿಗಳ ಅಳತೆ ಸರಿಮಾಡಿಕೊಳ್ಳಿ, ಕೆಬಿ ಬಹುಪಾಲು ತಾನಾಗಿ ದಾರಿಗೆ ಬರುತ್ತದೆ.

ಫೋಟೋದ ಒಳಗಿನ ಗುರುತು

ಲೊಕೇಶನ್ ಆನ್ ಇದ್ದರೆ ಫೋನು ಪ್ರತಿ ಫೋಟೋದ ಒಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ, ದಿನ, ಗಂಟೆ ಬರೆದಿಡುತ್ತದೆ. ಮನೆಯ ಫೋಟೋ ಅಪರಿಚಿತರಿಗೆ ಕಳಿಸುವಾಗ ಅದು ಇರದಿದ್ದರೆ ಒಳ್ಳೆಯದು. ಬೆಳೆ ನಷ್ಟದ ಫೋಟೋಗೆ ಅದೇ ಸಾಕ್ಷಿ. ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕೆಂಬುದು ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮ. ಆ ಅವಸರದಲ್ಲಿ ಫೋಟೋವನ್ನು ವಾಟ್ಸಾಪ್ ಮೂಲಕ ಹಾಯಿಸಿ ಕುಗ್ಗಿಸಿದರೆ ಜಾಗದ ಗುರುತು ಅಳಿಸಿಹೋಗುತ್ತದೆ. ಅಲ್ಲಿ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಫೋಟೋ ಇದ್ದ ಹಾಗೇ ಹೋಗುತ್ತದೆ. ಇಮೇಲಿನಲ್ಲಾದರೆ ನಷ್ಟದ ಫೋಟೋಗಳನ್ನು ಕುಗ್ಗಿಸದೆ, ಎರಡು ಮೂರು ಪತ್ರಗಳಾಗಿ ಹಂಚಿ ಕಳಿಸಿ. ಮೂಲ ಪ್ರತಿಯನ್ನು ಪರಿಹಾರದ ಹಣ ಖಾತೆಗೆ ಬೀಳುವವರೆಗೂ ಫೋನಿನಿಂದ ಅಳಿಸಬೇಡಿ.